ಹಾಡುವ ಮಗುವಿಗೆ ಯಾವ ಹೈಸ್ಕೂಲು?

ಬೇಸಿಗೆ ರಜೆ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಮನೆಯಲ್ಲೂ ಒಂದೇ ಮಾತು: ಏಳನೇ ಕ್ಲಾಸು ಮುಗೀತು, ಮುಂದೆ ಯಾವ ಹೈಸ್ಕೂಲು? ಹೆದ್ದಾರಿಯ ಇಕ್ಕೆಲದಲ್ಲೂ ಇಂಟರ್‌ನ್ಯಾಷನಲ್, ಗ್ಲೋಬಲ್, ವರ್ಲ್ಡ್ ಎಂಬ ಬೋರ್ಡುಗಳು. ಹೊಲ ಮಾರಿದ ದುಡ್ಡು ಡೊನೇಷನ್ ಕೌಂಟರಿನಲ್ಲಿ ಕರಗುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲಂತೂ ಈ ಜಾತ್ರೆಗೆ ಕೊನೆಯೇ ಇಲ್ಲ.

ಈ ಜಾತ್ರೆಯಲ್ಲಿ ತಪ್ಪಿಸಿಕೊಳ್ಳುವ ಒಂದು ಮಗುವಿದೆ. ಮಾತು ಕಡಿಮೆ. ಮುಖ ಕೊಟ್ಟು ನೋಡುವುದಿಲ್ಲ. ಶಾಲೆಯ ಬೆಲ್ಲು ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತದೆ. ಆದರೆ ಭಜನೆ ಮನೆಯಲ್ಲಿ ಒಮ್ಮೆ ಕೇಳಿದ ಪದವನ್ನು ಶ್ರುತಿ ತಪ್ಪದೆ ಹಾಡುತ್ತದೆ. ಡಾಕ್ಟರು ಆಟಿಸಂ ಎನ್ನುತ್ತಾರೆ. ಇನ್ನೊಂದು ಮಗುವಿಗೆ ಎಡಿಎಚ್‌ಡಿ, ಮತ್ತೊಂದಕ್ಕೆ ಡಿಸ್ಲೆಕ್ಸಿಯಾ. ಊರ ಬಾಯಿ ಮಾತ್ರ ಮೂವರಿಗೂ ಒಂದೇ ಹೆಸರಿಡುತ್ತದೆ: ಮಂದಬುದ್ಧಿ! ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಇವರ ಮಿದುಳು ನಡೆಯುವ ದಾರಿ ಬೇರೆ, ಅಷ್ಟೆ. ಆಟಿಸಂ ಇರುವ ಎಲ್ಲರೂ ಹಾಡುಗಾರರಲ್ಲ. ಆದರೆ ಅವರಲ್ಲಿ ಕೆಲವರ ಶ್ರುತಿಜ್ಞಾನ ಅಸಾಧಾರಣವಾದದ್ದು ಎಂಬುದು ಸಂಶೋಧಕರು ಮತ್ತೆ ಮತ್ತೆ ಕಂಡ ಸಂಗತಿ.

ಗೆಳೆಯರೇ, ಇದು ನಿಮಗೇಕೆ ಎಂದು ಕೇಳಬೇಡಿ. ದೊಡ್ಡಬಳ್ಳಾಪುರದಿಂದ ಯಶವಂತಪುರದ ರೈಲು ಹತ್ತಿ ಕೆಲಸಕ್ಕೆ ಹೋಗುವ ನಿಮ್ಮನ್ನೇ ಅಕ್ಕ ಕೇಳುವುದು: 'ನೀನು ನಾಲ್ಕು ಅಕ್ಷರ ಓದಿದೋನು, ಹೇಳಪ್ಪ, ಇವನನ್ನ ಎಲ್ಲಿಗೆ ಸೇರಿಸೋದು?' ಆಗ ನಿಮ್ಮ ಬಾಯಿಂದ ಬರುವ ಉತ್ತರ ಒಂದು ಮಗುವಿನ ಬದುಕನ್ನು ತಿರುಗಿಸುತ್ತದೆ. ತಿಳಿದು ಹೇಳಿ.

ಇಂಥ ಮಗುವಿಗೆ ಶಾಲೆ ಹುಡುಕುವಾಗ ಮೊದಲು ಕಳಚಿ ಬೀಳುವುದು ಎರಡು: ಒಂದು ಕನ್ನಡ, ಇನ್ನೊಂದು ಸಂಗೀತ. 'ಮಗುವಿಗೆ ಗೊಂದಲವಾಗುತ್ತೆ, ಮನೆಯಲ್ಲೂ ಇಂಗ್ಲಿಷ್ ಒಂದನ್ನೇ ಮಾತಾಡಿ' ಎಂಬ ಸಲಹೆ ಎಷ್ಟೋ ತಾಯಂದಿರಿಗೆ ಸಿಕ್ಕಿದೆ. ಅಜ್ಜಿಗೆ ಇಂಗ್ಲಿಷ್ ಬಾರದು, ಅಮ್ಮನಿಗೆ ಅರ್ಧಂಬರ್ಧ. ಮೊದಲೇ ಮಾತು ಕಡಿಮೆಯಿರುವ ಮಗುವಿನ ಜೊತೆ ಮನೆಯವರೂ ಮಾತು ನಿಲ್ಲಿಸುತ್ತಾರೆ! ಈ ಸಲಹೆಗೆ ಆಧಾರವಿಲ್ಲ. ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳನ್ನೂ ಒಂದೇ ಭಾಷೆಯವರನ್ನೂ ಹೋಲಿಸಿ ನೋಡಿತು. ಎರಡು ಭಾಷೆಯಿಂದ ಮಾತು ಇನ್ನಷ್ಟು ತಡವಾಗಲಿಲ್ಲ. ಆಮೇಲಿನ ಅಧ್ಯಯನಗಳೂ ಇದನ್ನೇ ಹೇಳಿವೆ.

ಈಗ ಕಾನೂನಿಗೆ ಬನ್ನಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 2016ರ ಹೊಸ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕೂ ಇದೆ. ಎಡಿಎಚ್‌ಡಿ ಮಾತ್ರ ಪ್ರತ್ಯೇಕವಾಗಿ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಓದು ಎಂಟನೇ ತರಗತಿಗೆ, 14 ವರ್ಷಕ್ಕೆ ನಿಂತುಬಿಡುತ್ತದೆ. ಆದರೆ 2016ರ ಕಾಯ್ದೆಯ 31ನೇ ಕಲಮಿನ ಪ್ರಕಾರ ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದೂ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ಆಯ್ಕೆ ಮಗುವಿನದು.

ಅದೇ ಕಾಯ್ದೆಯ 17ನೇ ಕಲಮನ್ನು ಕನ್ನಡದ ಹುಡುಗರು ಕಣ್ಣಿಟ್ಟು ಓದಬೇಕು. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡಲು ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಕನ್ನಡ ಕಡ್ಡಾಯ ಎಂದು ಬೀದಿಗಿಳಿದವರು, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯನ್ನು ಸ್ವಾಗತಿಸಿದವರು ಇದನ್ನು ಕಂಡು ಸಿಡುಕಬಾರದು. ಅಕ್ಷರ ಕಣ್ಣೆದುರು ಕುಣಿಯುವ ಮಗುವನ್ನು ಉತ್ತರ ಪತ್ರಿಕೆಯ ಮುಂದೆ ಕೂರಿಸಿ ಅಳಿಸಿದರೆ ಕನ್ನಡ ಉದ್ಧಾರವಾಗುವುದಿಲ್ಲ. ಕನ್ನಡ ಓದಿದಂತೆ ಬರೆಯುವ ಭಾಷೆ, ನಿಜ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಕೈಗೆ ಹತ್ತಲು ಸಾಮಾನ್ಯ ಮಕ್ಕಳಿಗೇ ನಾಲ್ಕೈದು ವರ್ಷ ಹಿಡಿಯುತ್ತದೆ ಎಂಬುದು ಬೆಂಗಳೂರಿನಲ್ಲೇ ನಡೆದ ಸಂಶೋಧನೆಯಲ್ಲಿ ಕಂಡಿದೆ. ಪರೀಕ್ಷೆಯಿಂದ ವಿನಾಯಿತಿ ಬೇರೆ, ಭಾಷೆಯಿಂದ ಗಡಿಪಾರು ಬೇರೆ.

ಗುಟ್ಟು ಇರುವುದು ಇಲ್ಲಿ. ವಿನಾಯಿತಿ ಸಿಗುವುದು ಎರಡನೇ, ಮೂರನೇ ಭಾಷೆಗೆ. ಹಾಗಾದರೆ ಮೊದಲನೆಯದು ಯಾವುದು? ಇಂಗ್ಲಿಷ್ ಮೊದಲ ಭಾಷೆಯಾದ ಶಾಲೆಯಲ್ಲಿ ವಿನಾಯಿತಿಯ ಹೆಸರಿನಲ್ಲಿ ಉದುರುವುದು ಕನ್ನಡ. ಕನ್ನಡ ಮೊದಲ ಭಾಷೆಯಾದ ಶಾಲೆಯಲ್ಲಿ ಕನ್ನಡ ಉಳಿಯುತ್ತದೆ. ಇಂಗ್ಲಿಷು, ಹಿಂದಿಯ ಹೊರೆ ಇಳಿಸಬಹುದು, ಬೇಕಾದರೆ ಇಂಗ್ಲಿಷನ್ನು ಇಟ್ಟುಕೊಳ್ಳಲೂಬಹುದು. ಅಂದರೆ ಶಾಲೆ ಆರಿಸುವ ದಿನವೇ ಮಗುವಿನ ಕೈಯಲ್ಲಿ ಯಾವ ಭಾಷೆ ಉಳಿಯಬೇಕು ಎಂಬುದೂ ತೀರ್ಮಾನವಾಗುತ್ತದೆ. ಅರ್ಜಿ ತುಂಬುವ ಮೊದಲು ಎಷ್ಟು ಅಪ್ಪ-ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಇನ್ನು ಸಂಗೀತ. 'ಹಾಡು ಹೊಟ್ಟೆಗೆ ಹಾಕುತ್ತಾ?' ಎನ್ನುವ ಮಾವಂದಿರಿಗೆ ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ತೋರಿಸಿ. ವಿಜ್ಞಾನದ ಪಕ್ಕದಲ್ಲೇ ರಾಜ್ಯಶಾಸ್ತ್ರ, ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎಂದು ಅಚ್ಚಾಗಿರುತ್ತದೆ. ಯಾವ ಮಗುವಿಗೆ ಈ ಅವಕಾಶ, ಯಾವ ದಾಖಲೆ ಬೇಕು ಎಂದು ಎಂಟನೇ ತರಗತಿಗೆ ಸೇರಿಸುವಾಗಲೇ ಹೆಡ್‌ಮಾಸ್ಟರನ್ನು ಕೇಳಿ. ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಕೇಳಿದರೆ ಬಸ್ಸು ಹೋಗಿರುತ್ತದೆ.

ಸಂಗೀತದಿಂದ ಶಾಲೆ ಕಟ್ಟಬಹುದೆ ಎಂದು ಅನುಮಾನವಿದ್ದರೆ ಗದಗಿಗೆ ಹೋಗಿ ನೋಡಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಳ್ಳುವವರೆಗೆ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸ್ವರ ಕಲಿಸಿದರು. ಬಸವರಾಜ ರಾಜಗುರು ಅವರ ಶಿಷ್ಯರು. ಆಮೇಲೆ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 2010ರಲ್ಲಿ ಅವರು ಹೋಗುವ ಹೊತ್ತಿಗೆ ನಾಡಿನ ಊರೂರಲ್ಲಿ ಅವರ ಶಿಷ್ಯರಿದ್ದರು. ಅದು ಆಟಿಸಂ ಶಾಲೆಯಲ್ಲ, ಒಪ್ಪೋಣ. ಆದರೆ ಅಲ್ಲಿ 'ನಿನಗೆ ಏನು ಕಾಣಿಸುವುದಿಲ್ಲ' ಎಂದು ಪಾಠ ಶುರುವಾಗಲಿಲ್ಲ; 'ನಿನಗೆ ಏನು ಕೇಳಿಸುತ್ತದೆ' ಎಂದು ಶುರುವಾಯಿತು. ಈ ಒಂದು ಪಾಠವನ್ನು ನಮ್ಮ ಜಿಲ್ಲೆಯ ಶಾಲೆಗಳು ಕಲಿತರೆ ಸಾಕು.

ಆದ್ದರಿಂದ ಶಾಲೆ ನೋಡಲು ಹೋದಾಗ ಈಜುಕೊಳ, ಎ.ಸಿ. ಬಸ್ಸು ನೋಡಿ ಬಾಯಿ ಬಿಡಬೇಡಿ. ಕೇಳಿ: ಮೊದಲ ಭಾಷೆ ಯಾವುದು? ಸಂಗೀತದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಾರೋ? ಗಲಾಟೆಗೆ ಕಂಗಾಲಾದ ಮಗು ಹತ್ತು ನಿಮಿಷ ಕೂರಲು ಒಂದು ಮೂಲೆ ಇದೆಯೋ? ವಿಶೇಷ ಶಿಕ್ಷಕರು ಇದ್ದಾರೋ, ಫೋಟೋದಲ್ಲಿ ಮಾತ್ರವೋ? ಪ್ರೌಢಶಾಲೆಯಲ್ಲಿ ಇಂಥ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಬೇಕೆಂದು ಸುಪ್ರೀಂ ಕೋರ್ಟು 2021ರಲ್ಲೇ ಹೇಳಿದೆ. ದೂರವನ್ನೂ ಲೆಕ್ಕ ಹಾಕಿ. ಹೊಸಕೋಟೆಯಿಂದ ಟಿನ್ ಫ್ಯಾಕ್ಟರಿ ದಾಟಿ, ನೆಲಮಂಗಲದಿಂದ ಗೊರಗುಂಟೆಪಾಳ್ಯ ದಾಟಿ ಹೋಗಿಬರುವಷ್ಟರಲ್ಲಿ ಹಾರನ್ನಿಗೆ ನಡುಗುವ ಕಿವಿ ದಣಿದು ಹೋಗಿರುತ್ತದೆ. ಆ ಮಗು ಸಂಜೆ ಏನು ಹಾಡೀತು?

ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಇದೆಲ್ಲ ಸಿದ್ಧವಾಗಿ ಕಾದಿದೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಸಂಗೀತದ ಮೇಷ್ಟ್ರು ಇರುವ ಸರ್ಕಾರಿ ಹೈಸ್ಕೂಲು ಬಲು ಅಪರೂಪ. ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈನಲ್ಲಿ ಮಂತ್ರಿಮಂಡಲವೇ ನಂದಿಬೆಟ್ಟ ಹತ್ತಿತು. ಹೆಸರು ಬದಲಿಸಿದರೆ ಶಾಲೆಗೆ ಮೇಷ್ಟ್ರು ಬರುತ್ತಾರೆಯೆ? ಬರುವುದಿಲ್ಲ. ಕೇಳಿದರೆ ಬರುತ್ತಾರೆ. ಪ್ರಮಾಣಪತ್ರ ಮಾಡಿಸಿ, ಯುಡಿಐಡಿ ಕಾರ್ಡು ಪಡೆದು, ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಶಿಕ್ಷಕರ ಹುದ್ದೆ ಇದೆ. ಅವರು ಎಲ್ಲಿದ್ದಾರೆ ಎಂದು ಹೋಗಿ ಕೇಳಿ.

ಮತ್ತೊಂದು ಮಾತು ನಮ್ಮ ಸಂಘಗಳಿಗೆ. ನವೆಂಬರ್ ಬಂದರೆ ಚಂದಾ ಎತ್ತಿ ಆರ್ಕೆಸ್ಟ್ರಾ ಇಡಿಸುತ್ತೇವೆ. ಈ ವರ್ಷ ಅದರಲ್ಲಿ ಒಂದು ಪಾಲು ತೆಗೆದಿಡಿ. ತಾಲೂಕಿನ ಒಂದು ಕನ್ನಡ ಹೈಸ್ಕೂಲಿಗೆ ಒಂದು ಹಾರ್ಮೋನಿಯಂ, ಒಂದು ತಮಟೆ, ವಾರಕ್ಕೆರಡು ದಿನ ಬಂದು ಕಲಿಸುವ ಮೇಷ್ಟ್ರಿಗೆ ಗೌರವಧನ. ಒಂದು ಆರ್ಕೆಸ್ಟ್ರಾ ರಾತ್ರಿಯ ಖರ್ಚಿನಲ್ಲಿ ಇದು ಎಷ್ಟೋ ತಿಂಗಳು ನಡೆಯುತ್ತದೆ. ಕನ್ನಡದಲ್ಲಿ ಮಾತಾಡಲು ತಡವರಿಸಿ ಕನ್ನಡದಲ್ಲೇ ಹಾಡುವ ಮಗುವಿಗೆ ಕನ್ನಡ ಶಾಲೆಯಲ್ಲೇ ಜಾಗ ಇಲ್ಲವೆಂದರೆ, ಕಂಬಕ್ಕೆ ಬಾವುಟ ಕಟ್ಟಿ ನಾವು ಸಾಧಿಸಿದ್ದೇನು?