ಸೇಡಿನ ಚಿತ್ರಗಳೂ ನಮ್ಮ ಮನೆಗಳೂ

ಸಿನೆಮಾದ ವಿಷಯದಲ್ಲಿ ನಾವು ಕ್ರೈಸ್ತ ಕುಟುಂಬಗಳವರು ಎರಡೇ ಎರಡು ಪ್ರಶ್ನೆಗಳನ್ನು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಅದರಲ್ಲಿ ಅಶ್ಲೀಲ ದೃಶ್ಯಗಳಿವೆಯೇ ಎಂಬುದು ಮೊದಲನೆಯದು. ನಮ್ಮ ಧರ್ಮಕ್ಕೆ ಅವಮಾನವಾಗುವಂಥದ್ದೇನಾದರೂ ಇದೆಯೇ ಎಂಬುದು ಎರಡನೆಯದು. ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಮುಗಿಯಿತು, ಅದು ಸಂಸಾರ ಸಮೇತ ನೋಡಬಹುದಾದ ಚಿತ್ರ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಸಾಲಾಗಿ ಕುಳಿತು ನೋಡಬಹುದು. ಆ ಚಿತ್ರದ ನಾಯಕ ಎರಡೂವರೆ ಗಂಟೆಯಲ್ಲಿ ಎಷ್ಟು ಜನರನ್ನು ಕೊಂದ, ಯಾತಕ್ಕಾಗಿ ಕೊಂದ, ಕೊಂದ ಮೇಲೆ ಅವನ ಮನಸ್ಸು ಏನಾಯಿತು ಎಂಬ ಮೂರನೆಯ ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

2006ರಲ್ಲಿ 'ದ ಡಾ ವಿಂಚಿ ಕೋಡ್' ಭಾರತದ ತೆರೆಗೆ ಬರುವಾಗ ನಡೆದುದನ್ನು ನೆನಪಿಸಿಕೊಳ್ಳಿ. ಮನವಿಪತ್ರಗಳು ಹೋದವು, ಪ್ರತಿಭಟನೆಗಳು ನಡೆದವು, ಕೆಲವು ರಾಜ್ಯಗಳು ಅದನ್ನು ನಿಷೇಧಿಸಿದವು. ಕೊನೆಗೆ ವಯಸ್ಕರ ಪ್ರಮಾಣಪತ್ರದೊಡನೆ, ಇದು ಕೇವಲ ಕಲ್ಪನೆಯೆಂಬ ಸೂಚನೆಯನ್ನು ಹೊತ್ತು ಅದು ಬಿಡುಗಡೆಯಾಯಿತು. ಚಿತ್ರವಾಗಿ ಅದು ನೀರಸ. ಅದರ ಕಟ್ಟುಕಥೆಯನ್ನು ನಂಬಿ ವಿಶ್ವಾಸವನ್ನು ತೊರೆದ ಒಬ್ಬನೇ ಒಬ್ಬ ಕ್ರೈಸ್ತನನ್ನು ನಾನು ಈವರೆಗೆ ಕಂಡಿಲ್ಲ. ಆದರೆ ಶತ್ರುವನ್ನು ಕ್ಷಮಿಸುವುದು ಹೇಡಿಗಳ ಕೆಲಸವೆಂದು ಪ್ರತಿ ವರ್ಷವೂ ಚಿತ್ರದ ಮೇಲೆ ಚಿತ್ರ ಬಂದು ಸಾರುತ್ತಿದೆ. ಅದನ್ನು ಮನಸಾರೆ ನಂಬಿದವರನ್ನು ಕಾಣಲು ಬಹಳ ದೂರ ಹೋಗಬೇಕಿಲ್ಲ. ಅರ್ಧ ಎಕರೆ ತೋಟಕ್ಕಾಗಿ ಹತ್ತು ವರ್ಷಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಭಾನುವಾರದ ಪೂಜೆಯಲ್ಲಿ ಎಡಬಲದ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಪ್ರಭುವಿನ ಹೆಸರಿಗೆ ಕಳಂಕ ಹಚ್ಚಿದ ಚಿತ್ರಕ್ಕೆ ನಾವು ಬೀದಿಗಿಳಿದೆವು. ಪ್ರಭುವಿನ ಬೋಧನೆಯನ್ನೇ ಅಪಹಾಸ್ಯ ಮಾಡುವ ಚಿತ್ರಗಳಿಗೆ ಟಿಕೆಟ್ ಕೊಂಡು ಒಳಗೆ ಹೋಗುತ್ತೇವೆ.

ಒಂದು ಧರ್ಮಕೇಂದ್ರದ ಹಬ್ಬದ ಸಂಜೆಯ ಕಾರ್ಯಕ್ರಮವನ್ನು ನೋಡುವ ಸಂದರ್ಭ ನನಗೆ ಒದಗಿತ್ತು. ಪ್ರಾರ್ಥನಾ ನೃತ್ಯ ಮುಗಿಯಿತು. ಅದರ ಬೆನ್ನಿಗೇ ಎಂಟು ಹತ್ತು ವರ್ಷದ ಮಕ್ಕಳು ಕಪ್ಪು ಅಂಗಿ ತೊಟ್ಟು, ಪ್ಲಾಸ್ಟಿಕ್ ಬಂದೂಕುಗಳನ್ನು ಹಿಡಿದು, ಹೆಸರಾಂತ ಗ್ಯಾಂಗ್‌ಸ್ಟರ್ ಚಿತ್ರವೊಂದರ ಹಾಡಿಗೆ ಕುಣಿದರು. ತಾಯಂದಿರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು, ಹಿರಿಯರು ಶಿಳ್ಳೆ ಹೊಡೆದರು. ಮಕ್ಕಳ ಮೇಲೆ ನನ್ನ ದೂರಿಲ್ಲ, ಚೆನ್ನಾಗಿಯೇ ಕುಣಿದರು. ಆ ಹಾಡನ್ನು ಆರಿಸಿದ ದೊಡ್ಡವರಿಗೆ ಅದರಲ್ಲಿ ಯಾವ ತೊಡಕೂ ಕಾಣಲಿಲ್ಲವೆಂಬುದೇ ನನ್ನನ್ನು ಕಾಡಿದ ಸಂಗತಿ.

ಹಳೆಯ ಚಿತ್ರಗಳಲ್ಲಿ ಸೇಡು ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು, ಧಾರಾಳವಾಗಿತ್ತು. ನಮ್ಮ ಹಿರಿಯ ತಲೆಮಾರು ಕಣ್ಣರಳಿಸಿ ನೋಡಿದ 'ಬೆನ್ ಹರ್' ಮೂಲತಃ ಒಂದು ಸೇಡಿನ ಕಥೆ. 1880ರಲ್ಲಿ ಪ್ರಕಟವಾದ ಲ್ಯೂ ವಾಲೇಸರ ಕಾದಂಬರಿಯನ್ನು ಆಧರಿಸಿ ವಿಲಿಯಂ ವೈಲರ್ 1959ರಲ್ಲಿ ನಿರ್ದೇಶಿಸಿದ ಈ ಚಿತ್ರಕ್ಕೆ 11 ಆಸ್ಕರ್ ಪ್ರಶಸ್ತಿಗಳು ಬಂದವು. ಬಾಲ್ಯದ ಗೆಳೆಯ ಮೆಸ್ಸಾಲನೇ ದ್ರೋಹ ಬಗೆದು ಬೆನ್ ಹರ್‌ನನ್ನು ಹಡಗಿನ ಹುಟ್ಟು ಹಾಕುವ ಗುಲಾಮನನ್ನಾಗಿ ಕಳುಹಿಸುತ್ತಾನೆ, ಅವನ ತಾಯಿ ತಂಗಿಯರನ್ನು ಸೆರೆಗೆ ತಳ್ಳುತ್ತಾನೆ. ವರ್ಷಗಳ ಬಳಿಕ ರಥದ ಪಂದ್ಯದಲ್ಲಿ ಇಬ್ಬರೂ ಎದುರಾಗುತ್ತಾರೆ. ಆ ಪಂದ್ಯದ ದೃಶ್ಯ ಸುಮಾರು ಒಂಬತ್ತು ನಿಮಿಷ. 'ಬೆನ್ ಹರ್' ನೋಡಿದ ಯಾರನ್ನೇ ಕೇಳಿ, ಅವರು ಹೇಳುವುದು ಆ ಒಂಬತ್ತು ನಿಮಿಷದ ಕಥೆಯನ್ನು ಮಾತ್ರ. ಮೆಸ್ಸಾಲ ನೆಲಕ್ಕುರುಳಿದ, ನಾಯಕ ಗೆದ್ದ, ಅಲ್ಲಿಗೆ ಅವರ ಚಿತ್ರ ಮುಗಿಯುತ್ತದೆ.

ಆದರೆ ವೈಲರ್ ಅವರ ಚಿತ್ರ ಅಲ್ಲಿಗೆ ಮುಗಿಯುವುದಿಲ್ಲ. ಅದರ ನಿಜವಾದ ಕಥೆ ಅಲ್ಲಿಂದ ಆರಂಭವಾಗುತ್ತದೆ. ಸಾಯುತ್ತಿರುವ ಮೆಸ್ಸಾಲ, ನಿನ್ನ ತಾಯಿ ತಂಗಿಯರು ಸತ್ತಿಲ್ಲ, ಕುಷ್ಠರೋಗಿಗಳ ಕಣಿವೆಯಲ್ಲಿ ಹುಡುಕೆಂದು ಹೇಳಿ ಕಣ್ಣು ಮುಚ್ಚುತ್ತಾನೆ. ಸೇಡು ತೀರಿದೆ, ಆದರೆ ಬೆಂಕಿ ಆರಿಲ್ಲ. ಅದೀಗ ರೋಮ್ ಸಾಮ್ರಾಜ್ಯದ ಕಡೆಗೆ ತಿರುಗುತ್ತದೆ. ಅವನನ್ನು ಪ್ರೀತಿಸುವ ಎಸ್ತೇರಳೇ, ನೀನೂ ಆ ಮೆಸ್ಸಾಲನಂತೆಯೇ ಆಗಿಬಿಟ್ಟಿರುವೆ ಎಂಬರ್ಥದ ಮಾತನ್ನು ಅವನ ಮುಖಕ್ಕೆ ಹೇಳುತ್ತಾಳೆ. ಗೆದ್ದ ನಾಯಕನಿಗೆ ಇಂಥ ಮಾತು ಹೇಳುವ ಹೆಣ್ಣುಪಾತ್ರವನ್ನು ಇಂದಿನ ಯಾವ ಸೇಡಿನ ಚಿತ್ರದಲ್ಲಿ ಕಂಡಿದ್ದೀರಿ? ಇಂದಿನ ನಾಯಕಿ ಹಿನ್ನೆಲೆ ಸಂಗೀತಕ್ಕೆ ತಕ್ಕಂತೆ ಅವನನ್ನು ಬೆರಗಿನಿಂದ ನೋಡುತ್ತಾಳೆ, ಅಷ್ಟೆ. ಕೊನೆಗೆ ಶಿಲುಬೆಯ ಬಳಿ ನಿಂತ ಬೆನ್ ಹರ್, ಕೊಲ್ಲುವವರನ್ನೇ ಕ್ಷಮಿಸಿದ ಆ ಧ್ವನಿ ತನ್ನ ಕೈಯಿಂದ ಖಡ್ಗವನ್ನು ತೆಗೆದುಕೊಂಡಂತಾಯಿತೆಂದು ಮನೆಗೆ ಬಂದು ಹೇಳುತ್ತಾನೆ. ಇಡೀ ಚಿತ್ರದಲ್ಲಿ ಪ್ರಭುವಿನ ಮುಖವನ್ನು ಒಮ್ಮೆಯೂ ತೋರಿಸಿಲ್ಲವೆಂಬುದನ್ನೂ ಗಮನಿಸಿ.

ಇನ್ನು ಹಿಂಸೆಯನ್ನು ನೇರವಾಗಿ ತೋರಿಸಿದ 'ದ ಗಾಡ್‌ಫಾದರ್' ಚಿತ್ರವನ್ನು ತೆಗೆದುಕೊಳ್ಳಿ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ 1972ರಲ್ಲಿ ನಿರ್ದೇಶಿಸಿದ ಈ ಚಿತ್ರ ಮಕ್ಕಳಿಗೆ ತೋರಿಸುವಂಥದ್ದಲ್ಲ. ಆದರೆ ದೊಡ್ಡವರು ನೋಡಲೇಬೇಕಾದದ್ದು. ಅದರ ಕೊನೆಯ ಭಾಗದಲ್ಲಿ ಮೈಕೆಲ್ ತನ್ನ ತಂಗಿಯ ಮಗುವಿಗೆ ಜ್ಞಾನತಂದೆಯಾಗಿ ದೇವಾಲಯದಲ್ಲಿ ನಿಂತಿದ್ದಾನೆ. ಸೈತಾನನನ್ನು ತ್ಯಜಿಸುತ್ತೀಯಾ ಎಂದು ಗುರುಗಳು ಕೇಳುತ್ತಾರೆ, ತ್ಯಜಿಸುತ್ತೇನೆಂದು ಅವನು ಉತ್ತರಿಸುತ್ತಾನೆ. ಅದೇ ಕ್ಷಣಗಳಲ್ಲಿ ಬೇರೆ ಬೇರೆ ಕಡೆ ಅವನ ಆಳುಗಳು ಅವನ ವೈರಿಗಳನ್ನು ಒಬ್ಬೊಬ್ಬರನ್ನಾಗಿ ಗುಂಡಿಟ್ಟು ಕೊಲ್ಲುತ್ತಿರುತ್ತಾರೆ. ಜ್ಞಾನಸ್ನಾನದ ಪ್ರಾರ್ಥನೆಯೂ ಗುಂಡಿನ ಶಬ್ದವೂ ಒಂದರ ಮೇಲೊಂದು ಬೀಳುತ್ತವೆ. ಅದೇ ದಿನ ಆ ಮಗುವಿನ ತಂದೆಯನ್ನೂ ಮೈಕೆಲ್ ಕೊಲ್ಲಿಸುತ್ತಾನೆ. ಮಡದಿ ಕೇಳಿದಾಗ ತಾನಲ್ಲವೆಂದು ಸುಳ್ಳು ಹೇಳುತ್ತಾನೆ. ಅವಳ ಮುಖದ ಮುಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಂಸ್ಕಾರವನ್ನು ಇಲ್ಲಿ ಅಲಂಕಾರಕ್ಕೆ ಬಳಸಿಲ್ಲ, ಪಾತ್ರದ ಮೇಲೆ ತೀರ್ಪು ಕೊಡಲು ಬಳಸಲಾಗಿದೆ. ನೋಡುವವನು ನಡುಗುತ್ತಾನೆ.

ಈಗ 2024ರ ಡಿಸೆಂಬರ್ 20ರಂದು, ಕ್ರಿಸ್ತ ಜಯಂತಿಗೆ ಐದು ದಿನ ಮುಂಚೆ ಬಿಡುಗಡೆಯಾದ ಮಲಯಾಳಂ ಚಿತ್ರ 'ಮಾರ್ಕೊ'ವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಚಿನ್ನದ ವ್ಯಾಪಾರ ಮಾಡುವ ಕ್ರೈಸ್ತ ಮನೆತನ, ಕಣ್ಣು ಕಾಣದ ತಮ್ಮನ ಕೊಲೆ, ಅದಕ್ಕೆ ದತ್ತುಪುತ್ರನ ಸೇಡು. ನಾಯಕನ ಮನೆಯ ಧರ್ಮ ಇಲ್ಲಿ ಉಡುಪಿನಷ್ಟೇ ಮುಖ್ಯ, ಅದಕ್ಕಿಂತ ಹೆಚ್ಚೇನಲ್ಲ. ಅವನ ಕೈಯಲ್ಲಿ ಆಯುಧ ಬಂದಾಗ ಆ ವಿಶ್ವಾಸ ಒಂದು ಸಲವಾದರೂ ಅವನನ್ನು ತಡೆದು ಕೇಳುವುದಿಲ್ಲ. ಚಿತ್ರಕ್ಕೆ ವಯಸ್ಕರ ಪ್ರಮಾಣಪತ್ರವಿತ್ತು, 2025ರಲ್ಲಿ ಟೀವಿ ಪ್ರಸಾರಕ್ಕೂ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ ಅದು ಎಲ್ಲರ ಮೊಬೈಲ್ ಫೋನಿಗೂ ಬಂದಾಗಿತ್ತು. ಏಳು, ಹದಿಮೂರು, ಹದಿನಾರು ವರ್ಷವೆಂದು ಪ್ರಮಾಣಪತ್ರಗಳನ್ನು 2024ರಲ್ಲಿ ಸರ್ಕಾರ ಹೊಸದಾಗಿ ವಿಂಗಡಿಸಿದ್ದೂ ಇಷ್ಟೇ ಫಲ ಕೊಟ್ಟೀತು. ನಮ್ಮ ಧರ್ಮವನ್ನು 'ಡಾ ವಿಂಚಿ ಕೋಡ್' ಅವಮಾನಿಸಿತೆನ್ನುವವರು ಈ ಚಿತ್ರದ ಬಗ್ಗೆ ಮೌನವಾಗಿರುವುದೇಕೆ? ನಾಯಕ ನಮ್ಮವನೆಂಬ ಹೆಮ್ಮೆಯೇ?

ಕನ್ನಡದ ವಿಷಯಕ್ಕೆ ಬರೋಣ. 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದ 'ಕೆ.ಜಿ.ಎಫ್.' ಕನ್ನಡ ಚಿತ್ರರಂಗಕ್ಕೆ ದೇಶವ್ಯಾಪಿ ಮಾರುಕಟ್ಟೆಯನ್ನು ತಂದುಕೊಟ್ಟಿತು. ಅದರ ಛಾಯಾಗ್ರಹಣ, ಧೂಳು ಹೊಗೆಯ ಆ ಲೋಕವನ್ನು ಕಟ್ಟಿದ ಶ್ರಮ, ಎಲ್ಲವನ್ನೂ ಮೆಚ್ಚುತ್ತೇನೆ. ಆದರೆ ಕಥೆ? ಸಾಯುವ ತಾಯಿಗೆ ಶ್ರೀಮಂತನಾಗುವೆನೆಂದು ಮಾತು ಕೊಟ್ಟ ಮಗ, ಗಣಿಯ ಗುಲಾಮರ ನಡುವೆ ಹೋಗಿ, ಅವರ ಕ್ರೂರ ಒಡೆಯನನ್ನು ಕೊಂದು, ತಾನೇ ಒಡೆಯನಾಗುತ್ತಾನೆ. ಜನ ಜಯಕಾರ ಹಾಕುತ್ತಾರೆ. ಒಡೆಯ ಬದಲಾದ, ಅಗೆಯುವ ಕೈಗಳು ಅವೇ. ಆ ಗುಲಾಮರಲ್ಲಿ ಎಷ್ಟು ಜನರ ಹೆಸರು ನಿಮಗೆ ನೆನಪಿದೆ?

ಈ ಪ್ರಶ್ನೆ ನಮಗೆ ಹತ್ತಿರದ್ದು. ನಿಜವಾದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಬಂಡೆ ಸಿಡಿತಕ್ಕೆ ಜೀವ ಒಪ್ಪಿಸಿ, ಕಲ್ಲಿನ ಧೂಳನ್ನು ಉಸಿರಾಡಿ ಶ್ವಾಸಕೋಶ ಸವೆಸಿಕೊಂಡವರು ಬಹುಪಾಲು ತಮಿಳು ಮತ್ತು ತೆಲುಗು ನಾಡುಗಳಿಂದ ಬಂದ ಬಡವರು. ಅವರಲ್ಲಿ ಕ್ರೈಸ್ತ ಕುಟುಂಬಗಳೂ ಅನೇಕ. ಸೈನೈಡ್ ದಿಬ್ಬಗಳ ಧೂಳು ಇಂದಿಗೂ ಆ ಊರಿನ ಮನೆಗಳ ಮೇಲೆ ಬೀಳುತ್ತದೆ. ಅವರ ಮೊಮ್ಮಕ್ಕಳೇ ಇಂದು ಆ ಚಿತ್ರದ ನಾಯಕನಿಗೆ ಶಿಳ್ಳೆ ಹೊಡೆಯುತ್ತಾರೆ.

ತುಳಿಯಲ್ಪಟ್ಟವರ ಸಿಟ್ಟಿಗೆ ಬೆಲೆಯಿಲ್ಲವೇ, ಬಡವನೂ ಕ್ಷಮಿಸುತ್ತಲೇ ಕೂರಬೇಕೇ ಎಂಬ ಆಕ್ಷೇಪಣೆ ಬರುತ್ತದೆ. ಇದು ನಿಜವಾಗಿಯೂ ಗಟ್ಟಿಯಾದ ಆಕ್ಷೇಪಣೆ. ಉಪದೇಶದ ಮಾತಿನಿಂದ ಇದನ್ನು ತಳ್ಳಿಹಾಕಲಾಗದು. ಉತ್ತರಕ್ಕೆ ನಾನು 'ಚೋಮನ ದುಡಿ'ಯತ್ತ ಬೊಟ್ಟು ಮಾಡುತ್ತೇನೆ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ತುಂಡು ನೆಲವನ್ನು ಸ್ವಂತಕ್ಕೆ ಉಳುವ ಆಸೆಯೊಂದನ್ನು ಬಿಟ್ಟರೆ ಚೋಮನಿಗೆ ಬೇರೇನೂ ಬೇಡ. ಅದೇ ಅವನಿಗೆ ಸಿಗುವುದಿಲ್ಲ. ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಬಾರದೆಂದು ದಡದಲ್ಲಿದ್ದವರು ನಿಂತು ನೋಡುತ್ತಾರೆ. ಚೋಮ ಕತ್ತಿ ಹಿಡಿಯುವುದಿಲ್ಲ, ದುಡಿ ಬಾರಿಸುತ್ತಾನೆ. ಆ ದುಡಿಯ ಸದ್ದಿನಲ್ಲಿರುವ ಸಿಟ್ಟು ನೂರು ಮಚ್ಚುಗಳಲ್ಲಿಲ್ಲ. ಈ ಚಿತ್ರದಲ್ಲಿ ಮತಾಂತರವಾದರೆ ನೆಲ ಸಿಗುತ್ತದೆಂಬ ಆಮಿಷದ ಪ್ರಸಂಗವೂ ಇದೆ. ನಮ್ಮವರಿಗೆ ಅದು ಚುಚ್ಚುತ್ತದೆ. ಚುಚ್ಚಲಿ. ನಮ್ಮನ್ನು ಹೊಗಳುವ ಹತ್ತು ಚಿತ್ರಗಳಿಗಿಂತ ಹಸಿದವನ ಪಕ್ಕದಲ್ಲಿ ನಿಂತು ನಮ್ಮನ್ನು ಪ್ರಶ್ನಿಸುವ ಇಂಥ ಒಂದು ಚಿತ್ರ ಶುಭಸಂದೇಶಕ್ಕೆ ಹೆಚ್ಚು ಹತ್ತಿರದ್ದು. ಗೊರೂರರ ಕಥೆಯಿಂದ ಸಿದ್ಧಲಿಂಗಯ್ಯನವರು 1974ರಲ್ಲಿ ಮಾಡಿದ 'ಭೂತಯ್ಯನ ಮಗ ಅಯ್ಯು'ವಿನಲ್ಲಂತೂ ತಂದೆಯಿಂದ ಮಗನಿಗೆ ಇಳಿದ ಹಗೆ ಊರನ್ನೇ ಸುಟ್ಟು, ಕೊನೆಗೆ ಅಯ್ಯುವಿನ ಮನಸ್ಸು ತಿರುಗುವಲ್ಲಿ ಶಾಂತವಾಗುತ್ತದೆ. ಆ ಚಿತ್ರಕ್ಕೂ ಜನ ಕಿಕ್ಕಿರಿದು ಬಂದಿದ್ದರು. ಕ್ಷಮೆಯ ಕಥೆ ಓಡುವುದಿಲ್ಲವೆಂಬ ವಾದಕ್ಕೆ ಇಷ್ಟು ಉತ್ತರ ಸಾಕು.

ಭಕ್ತಿಯ ಚಿತ್ರಗಳೂ ಈ ರೋಗದಿಂದ ಪೂರ್ತಿ ಹೊರಗಿಲ್ಲ. 2004ರಲ್ಲಿ ಮೆಲ್ ಗಿಬ್ಸನ್ ಅವರ 'ದ ಪ್ಯಾಶನ್ ಆಫ್ ದ ಕ್ರೈಸ್ಟ್' ಬಂದಾಗ ಅತ್ತವರಲ್ಲಿ ನಮ್ಮವರು ಬಹಳ. ಶಿಲುಬೆಯ ಮೇಲಿನ ಕ್ಷಮೆಯ ಮಾತು ಅದರಲ್ಲಿದೆ. ಆದರೆ ಮನಸ್ಸಿನಲ್ಲಿ ಉಳಿಯುವುದು ಚಾವಟಿ. 1964ರಲ್ಲಿ ಪಾಸೋಲಿನಿ ಮಾಡಿದ, ಸಂತ ಮತ್ತಾಯನ ಶುಭಸಂದೇಶವನ್ನು ಆಧರಿಸಿದ ಚಿತ್ರದಲ್ಲಿ ಅಷ್ಟು ರಕ್ತವಿಲ್ಲ. ಪಾಸೋಲಿನಿ ದೇವರನ್ನು ನಂಬದ ಮಾರ್ಕ್ಸ್‌ವಾದಿ. ಆದರೂ 1995ರಲ್ಲಿ ವ್ಯಾಟಿಕನ್ ಸಿದ್ಧಪಡಿಸಿದ 45 ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. 'ಬೆನ್ ಹರ್'ಗೂ ಸಿಕ್ಕಿತು.

ಅದೇ 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ, ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ, ಸಿಸ್ಟರ್ ರಾಣಿ ಮರಿಯಾ ಅವರನ್ನು ಇರಿದು ಕೊಂದರು. ಆದಿವಾಸಿ ರೈತರನ್ನು ಸಾಲಗಾರರ ಹಿಡಿತದಿಂದ ಬಿಡಿಸಲು ದುಡಿದುದೇ ಅವರು ಮಾಡಿದ ತಪ್ಪು. ಇರಿದವನು ಸಮುಂದರ್ ಸಿಂಗ್. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ತಾವೂ ಕನ್ಯಾಸ್ತ್ರೀಯಾದ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗಾಗಿ ಕುಟುಂಬದವರೇ ಮನವಿ ಮಾಡಿದರು, 2006ರಲ್ಲಿ ಅವನು ಹೊರಗೆ ಬಂದ. ರಾಣಿ ಮರಿಯಾ ಅವರನ್ನು 2017ರ ನವೆಂಬರ್ 4ರಂದು ಇಂದೋರಿನಲ್ಲಿ ಧನ್ಯರೆಂದು ಘೋಷಿಸಲಾಯಿತು. ಇದು ಯಾವ ಚಿತ್ರಕಥೆಗಾರನೂ ಕಲ್ಪಿಸಿದ್ದಲ್ಲ. ಶೈಸನ್ ಪಿ. ಔಸೇಫ್ ಇದನ್ನು 'ದ ಫೇಸ್ ಆಫ್ ದ ಫೇಸ್‌ಲೆಸ್' ಎಂಬ ಚಿತ್ರವಾಗಿಸಿದರು. 2023ರಲ್ಲಿ ಅದು ಬಿಡುಗಡೆಯಾಯಿತು. ಕಲಾಕೃತಿಯಾಗಿ ಅದು ದೋಷರಹಿತವೇನಲ್ಲ. ವೈಲರ್, ಕೊಪ್ಪೊಲರ ಪಕ್ಕದಲ್ಲಿಡಲು ಬಾರದು. ಆದರೆ ಸಹೋದರಿಯನ್ನು ಕಳೆದುಕೊಂಡ ಹೆಂಗಸೊಬ್ಬಳು ಕೊಲೆಗಾರನ ಎದುರು ನಿಲ್ಲುವುದೆಂದರೇನೆಂದು ತೋರಿಸುವ ಧೈರ್ಯ ಅದಕ್ಕಿದೆ. ನಿಮ್ಮ ಮನೆಯಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರಿ?

ಧರ್ಮಕೇಂದ್ರಗಳ ಸಭಾಂಗಣಗಳಲ್ಲಿ ಈಗ ಪರದೆಯೂ ಇದೆ, ಪ್ರೊಜೆಕ್ಟರೂ ಇದೆ. ಬರುವ ತಪಸ್ಸುಕಾಲದ ಒಂದು ಸಂಜೆ ಆ ಚಿತ್ರವನ್ನು ತೋರಿಸಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿತ್ರ ಮುಗಿದ ಮೇಲೆ, ತನ್ನ ಅಕ್ಕನನ್ನು ಕೊಂದವನಿಗೆ ಆ ಸಿಸ್ಟರ್ ರಾಖಿ ಕಟ್ಟಿದ್ದೇಕೆಂದು ಅವರು ಖಂಡಿತ ಕೇಳುತ್ತಾರೆ. ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಅವರ ಮುಂದಿನ ಪ್ರಶ್ನೆ, ಆಚೆ ಬೆಂಚಿನಲ್ಲಿ ಕೂರುವ ದೊಡ್ಡಪ್ಪನ ಕುರಿತಾಗಿರಬಹುದು.