ಲೈಟು ಕಾಣುತ್ತದೆ, ಕಾನೂನು ಕಾಣುವುದಿಲ್ಲ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ಧಕ್ಕೆಯಲ್ಲೇ ನಿಲ್ಲುತ್ತವೆ. ಮೀನು ಮೊಟ್ಟೆಯಿಡಲಿ ಎಂದು. ಸರಿ. ಆದರೆ ಆಮೇಲೆ ಕಡಲಲ್ಲಿ ರಾತ್ರಿಯಿಡೀ ದೀಪಾವಳಿ ಯಾಕೆ? ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ಜನರೇಟರ್ ಇಟ್ಟು ಲೈಟು ಹಾಕಿದರೆ ಮೀನು ಮರಿಗಳ ಸಮೇತ ಮುತ್ತುತ್ತದೆ, ಬಲೆ ಎಲ್ಲವನ್ನೂ ಬಾಚುತ್ತದೆ. ಬೆಳಗಿನ ಜಾವ ಅಲೆ ದಾಟಿ ಬಂಗುಡೆ, ಬೂತಾಯಿ ಹುಡುಕುವ ನಾಡದೋಣಿಯವರಿಗೆ ಉಳಿಯುವುದೇನು?

ಬೋಟಿನವರಿಗೂ ಸಾಲವಿದೆ, ಒಪ್ಪುತ್ತೇವೆ. ಮರಿಯನ್ನೇ ಹಿಡಿದರೆ ನಾಳೆ ಅವರ ಬಲೆಯೂ ಖಾಲಿ.

ಕತ್ತಲಲ್ಲಿ ಉರಿಯುವ ಲೈಟು ಹುಡುಕಲು ದುರ್ಬೀನು ಬೇಕೇ? ನಾವು ಕೇಳುವುದಿಷ್ಟೇ: ಧಕ್ಕೆಯಲ್ಲೇ ಜನರೇಟರ್ ತಪಾಸಣೆ ಮಾಡಿ, ಸಿಕ್ಕಿಬಿದ್ದವರ ಲೈಸೆನ್ಸ್ ರದ್ದು ಮಾಡಿ. ಕಾನೂನು ಮಾಡಿದವರೇ ಕಣ್ಣು ಮುಚ್ಚಿದರೆ ನಾಡದೋಣಿಯವರು ಯಾರ ಹತ್ತಿರ ಹೋಗಬೇಕು?