ಕಟ್ ಮತ್ತು ಕಟ್ಟು

ಫೋನ್ ಕಟ್ ಆಯ್ತು, ಸಂಬಳದಲ್ಲಿ ಎರಡು ದಿನದ್ದು ಕಟ್, ಈರುಳ್ಳಿ ಕಟ್ ಮಾಡ್ಕೊಡು, ಮಾರ್ಕೆಟ್ ರಸ್ತೆಯ ಕಟ್‌ಪೀಸ್ ಅಂಗಡಿ, ಥಿಯೇಟರ್ ಮುಂದೆ ಹಾಲಿನ ಅಭಿಷೇಕ ಮಾಡಿಸಿಕೊಳ್ಳುವ ಕಟೌಟ್, ಗಲ್ಲಿಯೊಳಗಿನ ಶಾರ್ಟ್‌ಕಟ್. ಸಿನಿಮಾ ಪುಟಗಳಲ್ಲಂತೂ ನಿರ್ದೇಶಕರು ಚಿತ್ರ ನಿರ್ದೇಶಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಅವರೀಗ ‘ಆ್ಯಕ್ಷನ್ ಕಟ್ ಹೇಳುತ್ತಾರೆ’. ಇಷ್ಟೊಂದು ಕಡೆ ಒದಗುವ ಈ ಪುಟ್ಟ ಪದ ತವರುಮನೆಯಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕನ್ನಡಕ್ಕೆ ಬರುವಾಗ ಅದು ಆ ಎರಡು ಹುದ್ದೆಗಳನ್ನೂ ಜೊತೆಗೆ ತಂದಿತೆ? ನನ್ನ ಪ್ರಕಾರ ತರಲಿಲ್ಲ. ಕನ್ನಡ ತರಗೊಡಲಿಲ್ಲ. ನಮ್ಮ ಭಾಷೆ ಕೆಟ್ಟಿತು ಎಂದು ಗೋಳಾಡುವವರೂ, ಭಾಷೆ ಬೆಳೆಯಿತು ಎಂದು ಬೀಗುವವರೂ ಗಮನಿಸದೆ ಬಿಟ್ಟ ಸಂಗತಿ ಇದು.

ಒಂದೇ ಪದವನ್ನು ಹೆಸರಾಗಿಯೂ ಕೆಲಸವಾಗಿಯೂ ಬಳಸುವುದು ಇಂಗ್ಲಿಷಿಗೆ ಹುಟ್ಟುಗುಣವೇನಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಪ್ರೀತಿಗೆ ‘ಲುಫು’ ಎಂದೂ, ಪ್ರೀತಿಸುವುದಕ್ಕೆ ‘ಲುಫಿಯನ್’ ಎಂದೂ ಬರೆಯುತ್ತಿದ್ದರು. ಪದದ ತುದಿ ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತಿತ್ತು. ಮುಂದಿನ ನಾಲ್ಕೈದು ಶತಮಾನಗಳಲ್ಲಿ ಈ ತುದಿಗಳು ಸವೆದುಹೋದವು. ಎರಡಕ್ಕೂ ಉಳಿದದ್ದು ‘ಲವ್’ ಒಂದೇ. ತುದಿಯೇ ಇಲ್ಲದ ಮೇಲೆ ವಾಕ್ಯದಲ್ಲಿ ಎಲ್ಲಿ ನಿಂತಿದೆ ಎನ್ನುವುದರಿಂದ ಪದದ ಜಾತಿ ತೀರ್ಮಾನವಾಗತೊಡಗಿತು. ಆಮೇಲೆ ಯಾವ ಹೆಸರನ್ನಾದರೂ ಹಿಡಿದು ಕೆಲಸಕ್ಕೆ ಹಚ್ಚಬಹುದು ಎನ್ನುವ ಧೈರ್ಯ ಇಂಗ್ಲಿಷಿನವರಿಗೆ ಬಂತು.

ಈ ಧೈರ್ಯ ಅಲ್ಲಿಯ ಹಿರಿಯರಿಗೂ ಹಿಡಿಸಿರಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1789ರಲ್ಲಿ ನಿಘಂಟುಕಾರ ನೋಹ ವೆಬ್‌ಸ್ಟರ್‌ಗೆ ಪತ್ರ ಬರೆದು ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಪದಗಳನ್ನು ಜನ ಕ್ರಿಯಾಪದಗಳಾಗಿ ಬಳಸುತ್ತಿದ್ದಾರೆ, ನಿಮಗೂ ಒಪ್ಪಿಗೆಯಾದರೆ ಇದನ್ನು ಖಂಡಿಸಿ ಎಂದು ಕೇಳಿಕೊಂಡಿದ್ದ. ಇವತ್ತು ಆ ಮೂರನ್ನೂ ಹಾಗೆ ಬಳಸದ ಇಂಗ್ಲಿಷ್ ಪತ್ರಿಕೆ ಇಲ್ಲ. ಹೆಸರು ಕ್ರಿಯೆಯಾಗುವುದು ಈಗ ವ್ಯಾಪಾರಿಗಳ ತಲೆನೋವೂ ಹೌದು. ತನ್ನ ಹೆಸರು ‘ಹುಡುಕು’ ಎನ್ನುವ ಅರ್ಥದ ಕ್ರಿಯಾಪದವಾಗಿ 2006ರಲ್ಲಿ ಇಂಗ್ಲಿಷ್ ನಿಘಂಟುಗಳಿಗೆ ಸೇರಿದಾಗ ಗೂಗಲ್‌ಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಆ ಹೆಸರನ್ನು ಸೇರಿಸಿ 763 ಡೊಮೇನ್‌ಗಳನ್ನು ನೋಂದಾಯಿಸಿದ್ದವರೊಬ್ಬರಿಂದ ಶುರುವಾದ ವ್ಯಾಜ್ಯ ಅಮೆರಿಕದ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಊರೆಲ್ಲ ಕ್ರಿಯಾಪದ ಮಾಡಿಕೊಂಡ ಮೇಲೆ ಟ್ರೇಡ್‌ಮಾರ್ಕ್ ಎಲ್ಲಿ ಉಳಿಯಿತು ಎನ್ನುವುದು ವಾದ. ಕ್ರಿಯಾಪದವಾದ ಮಾತ್ರಕ್ಕೆ ಹೆಸರಿನ ಹಕ್ಕು ಹೋಗುವುದಿಲ್ಲ ಎಂದು 2017ರಲ್ಲಿ ತೀರ್ಪು ಬಂತು. ನಮ್ಮ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಇಂಥ ಚಿಂತೆಗಳಿಲ್ಲ. ಒಳಗಿನ ಯಂತ್ರ ಬೇರಾವುದೋ ಕಂಪನಿಯದು. ಜನ ಮಾತ್ರ ಪಹಣಿ ಹಿಡಿದು ಬಂದು ‘ಎರಡು ಜೆರಾಕ್ಸ್’ ಎನ್ನುತ್ತಾರೆ.

ಕನ್ನಡದಲ್ಲೂ ಎರಡು ಹುದ್ದೆಯ ಪದಗಳಿಗೆ ಬರವಿಲ್ಲ. ಕೆಮ್ಮು, ಸೀನು, ಬೆವರು, ಉಗುಳು, ಅಳು, ನಗು. ದೇಹ ತಾನಾಗಿ ಮಾಡುವ ಕೆಲಸಗಳಿಗೆ ನಮ್ಮಲ್ಲಿ ಹೆಸರೂ ಕ್ರಿಯೆಯೂ ಒಂದೇ ಆಗಿರುವುದು ಸೋಜಿಗ. ಆಕಾಶದ್ದೂ ಹಾಗೆಯೇ: ಗುಡುಗು, ಮಿಂಚು. ಇನ್ನು ಹಾಡು, ಓದು, ಸೋಲು, ತಡೆ, ಚಿಗುರು, ಕಟ್ಟು. ಆದರೆ ಇವೆಲ್ಲ ಮನೆಮಕ್ಕಳು. ಹೊರಗಿನಿಂದ ಬಂದ ಪದಕ್ಕೆ ಕನ್ನಡ ನೇರವಾಗಿ ಕ್ರಿಯಾಪದದ ಸ್ಥಾನ ಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಅದು ಕ್ರಿಯಾಪದವೇ ಆಗಿದ್ದರೂ ಇಲ್ಲಿ ಮೊದಲು ನಾಮಪದವಾಗಬೇಕು. ಬೆಂಗಳೂರಿನ ಕುಲದೇವತೆಯಂತಿರುವ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ‘ಅಡ್ಜಸ್ಟ್’ ಬರೀ ಕ್ರಿಯಾಪದ, ಅದರ ನಾಮರೂಪ ‘ಅಡ್ಜಸ್ಟ್‌ಮೆಂಟ್’. ನಾವು ಆ ಕ್ರಿಯಾಪದವನ್ನೇ ಹಿಡಿದು ವಸ್ತುವಿನಂತೆ ಕೂರಿಸಿ ಪಕ್ಕದಲ್ಲಿ ‘ಮಾಡು’ ಇಟ್ಟೆವು. ಹಿಂದಿಯ ‘ಕರ್‌ನಾ’, ತಮಿಳಿನ ‘ಪಣ್ಣು’, ದೂರದ ಜಪಾನಿಯರ ‘ಸುರು’ ಮಾಡುವುದೂ ಇದನ್ನೇ. ಇಂಗ್ಲಿಷಿನ ಪದ ಎಷ್ಟೇ ಬರಲಿ, ಕಾಲ, ಲಿಂಗ, ವಚನ, ನಿಷೇಧ ಎಲ್ಲವನ್ನೂ ಹೊರುವುದು ಕನ್ನಡದ ಧಾತು.

ಇದನ್ನು ಕಲಬೆರಕೆಯ ಅಸಹಾಯಕತೆ ಎಂದು ಹಂಗಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅಮ್ಮ ಕೇಳುತ್ತಾಳೆ: ‘ಫೋನ್ ಯಾಕೋ ಕಟ್ ಮಾಡ್ದೆ?’ ಮಗ ಹೇಳುತ್ತಾನೆ: ‘ನಾನೆಲ್ಲಿ ಮಾಡ್ದೆನಮ್ಮಾ, ಅದೇ ಕಟ್ಟಾಯ್ತು.’ ಜಗಳವೆಲ್ಲ ನಡೆದದ್ದು ‘ಮಾಡು’ ಮತ್ತು ‘ಆಗು’ ನಡುವೆ. ‘ಕಟ್’ ಬರೀ ಸಾಕ್ಷಿ. ಬಸ್ ಮಿಸ್ ಆಯ್ತು ಎಂದರೆ ಯಾರ ತಪ್ಪೂ ಅಲ್ಲ, ಮಿಸ್ ಮಾಡ್ಕೊಂಡೆ ಎಂದರೆ ನನ್ನದೇ. ಇಂಗ್ಲಿಷಿನವನು ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಕಟ್ ಮಾಡ್ದ ಎನ್ನುವುದು ವರದಿ, ಕಟ್ ಮಾಡ್ಬಿಟ್ಟ ಎನ್ನುವುದು ದೂರು, ಕೈ ಕಟ್ ಮಾಡ್ಕೊಂಡ ಎನ್ನುವುದು ಕನಿಕರ, ಮಗೂಗೆ ಹೇರ್‌ಕಟ್ ಮಾಡಿಸ್ದೆ ಎನ್ನುವುದರಲ್ಲಿ ಕತ್ತರಿ ಹಿಡಿದವನು ಬೇರೆ. ಹೊಣೆ ಯಾರದು, ಫಲ ಯಾರಿಗೆ, ಮನಸ್ಸಿತ್ತೋ ಇಲ್ಲವೋ ಎನ್ನುವ ಈ ಸೂಕ್ಷ್ಮಗಳಲ್ಲಿ ಒಂದೂ ಆ ಇಂಗ್ಲಿಷ್ ಪದದೊಳಗಿಲ್ಲ. ‘ಫೀಲ್ ಮಾಡ್ಕೋಬೇಡ’ ಎಂದರೆ ಬೇಜಾರು ಮಾಡಿಕೊಳ್ಳಬೇಡ ಎಂದು ಲಂಡನ್ನಿನವರಿಗೆ ಅರ್ಥ ಮಾಡಿಸಲು ಅರ್ಧ ಗಂಟೆ ಬೇಕು.

ನಷ್ಟವೇ ಇಲ್ಲ ಎಂದಲ್ಲ. ಅದನ್ನು ನೋಡಬೇಕಾದರೆ ಯಾವುದಾದರೂ ಕನ್ನಡ ಅಡುಗೆ ವಿಡಿಯೊ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಬೇಕು. ಕಟ್ ಮಾಡಿ, ಆ್ಯಡ್ ಮಾಡಿ, ಮಿಕ್ಸ್ ಮಾಡಿ, ಫ್ರೈ ಮಾಡಿ, ಸರ್ವ್ ಮಾಡಿ. ವ್ಯಾಕರಣವೆಲ್ಲ ಕನ್ನಡದ್ದೇ, ಆದರೆ ದುಡಿಯುತ್ತಿರುವ ಕನ್ನಡದ ಧಾತು ಒಂದೇ ಒಂದು. ಈಳಿಗೆಮಣೆ ಮುಂದೆ ಕೂತವರು ತರಕಾರಿ ಹೆಚ್ಚುತ್ತಿದ್ದರು. ಅಲ್ಲಿ ಅಲುಗು ನಿಂತಲ್ಲೇ ನಿಂತು ಬದನೆಕಾಯಿ ಅದರತ್ತ ಚಲಿಸುತ್ತಿತ್ತು. ಅದೇ ಮಣೆಯ ತುದಿಯಲ್ಲಿ ಕಾಯಿ ತುರಿಯುತ್ತಿದ್ದರು. ಶುಂಠಿಯನ್ನು ಜಜ್ಜುತ್ತಿದ್ದರು, ಮಾಂಸ ಕೊಚ್ಚುತ್ತಿದ್ದರು, ಹಲಸಿನ ಹಣ್ಣು ಬಿಡಿಸುತ್ತಿದ್ದರು. ಹಿತ್ತಲಿಗೆ ಹೋದರೆ ಸೌದೆ ಸೀಳುವುದು, ಕೊಂಬೆ ಸವರುವುದು, ಬಾಳೆಲೆ ಕೊಯ್ಯುವುದು; ಗದ್ದೆಗೆ ಇಳಿದರೆ ಕಬ್ಬು ಕಡಿಯುವುದು, ಪೈರು ಕೊಯ್ಯುವುದು. ಸೀಳು ಎಂದರೆ ಉದ್ದಕ್ಕೆ, ಕಡಿ ಎಂದರೆ ಏಟು ಹಾಕಿ. ಯಾವ ಆಯುಧ, ಎಷ್ಟು ಬಲ, ಯಾವ ದಿಕ್ಕು ಎಲ್ಲವೂ ಕ್ರಿಯಾಪದದಲ್ಲೇ ಅಡಗಿತ್ತು. ರುಬ್ಬು, ಅರೆ, ಬೀಸು, ಕುಟ್ಟು, ಕಡೆ ಎಂಬ ಐದನ್ನೂ ‘ಮಿಕ್ಸಿಗೆ ಹಾಕಿ’ ಒಂದೇ ಸುತ್ತಿಗೆ ನುಣ್ಣಗೆ ಮಾಡಿತು ಎನ್ನಬೇಕು.

ಇಂಗ್ಲಿಷಿನಲ್ಲೂ ಚಾಪ್, ಸ್ಲೈಸ್, ಟ್ರಿಮ್, ಮಿನ್ಸ್ ಎಂದೆಲ್ಲ ಬಗೆಬಗೆಯ ಕತ್ತರಿಸುವಿಕೆಗಳಿವೆ. ಸಾಲ ತರುವಾಗ ನಾವು ಅವುಗಳಲ್ಲಿ ಅತ್ಯಂತ ಮೊಂಡಾದುದನ್ನೇ ತಂದೆವು. ಬೇರೆ ಪದಗಳ ಜಾಗ ಆಕ್ರಮಿಸುವುದು ‘ಕಟ್’ಗೆ ಹೊಸದೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಕತ್ತರಿಸು ಎನ್ನಲು ಸಾಮಾನ್ಯವಾಗಿದ್ದ ಪದ ಇಂದಿನ ‘ಕಾರ್ವ್’ನ ಪೂರ್ವಜ. 1300ರ ಆಸುಪಾಸಿನಲ್ಲಿ ಬರಹಗಳಲ್ಲಿ ಕಾಣಿಸಿಕೊಂಡ ‘ಕಟ್’ ಅದರ ಜಾಗವನ್ನೆಲ್ಲ ಆಕ್ರಮಿಸಿತು. ‘ಕಾರ್ವ್’ಗೆ ಈಗ ಉಳಿದಿರುವುದು ಕೆತ್ತನೆಯ ಕೆಲಸ ಮತ್ತು ಊಟದ ಮೇಜಿನ ಮೇಲಿನ ಮಾಂಸ.

ಹಾಗಾಗಿ ಕನ್ನಡಕ್ಕೆ ಎಷ್ಟು ಇಂಗ್ಲಿಷ್ ಹೆಸರುಗಳು ಬಂದವು ಎಂದು ಲೆಕ್ಕ ಹಾಕುವವರ ಬಗ್ಗೆ ನನಗೆ ತಕರಾರಿದೆ. ಬಸ್ಸು, ಕಾರು, ಪೆನ್ನು ಬಂದವು, ಬಂದ ಪ್ರತಿಯೊಂದೂ ಬಾಗಿಲಲ್ಲೇ ಒಂದು ಉಕಾರ ಹಚ್ಚಿಸಿಕೊಂಡು ವಿಭಕ್ತಿಗಳಿಗೆ ತಲೆಬಾಗಿತು. ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದರು. ಬರಲಿ, ಒಳ್ಳೆಯದೇ. ಆದರೆ ಬೋರ್ಡಿನಲ್ಲಿರುವುದು ಹೆಚ್ಚುಕಮ್ಮಿ ನಾಮಪದಗಳೇ. ಕ್ರಿಯಾಪದಗಳಿಗೆ ಬೋರ್ಡಿಲ್ಲ, ಹೋದದ್ದು ಕಾಣುವುದೂ ಇಲ್ಲ. ‘ಡೌನ್‌ಲೋಡ್ ಮಾಡು’ ಎಂದರೆ ಯಾವ ಕನ್ನಡ ಪದವೂ ಮನೆ ಬಿಡಬೇಕಾಗಿಲ್ಲ. ‘ವೇಟ್ ಮಾಡು’ ಎಂದಾಗ ‘ಕಾಯು’ ಎದ್ದು ಹೋಗುತ್ತದೆ. ದಾರಿ ಕಾಯುವುದು, ಹೊಲ ಕಾಯುವುದು, ಕೂಸನ್ನು ಕಾಯುವುದು ಎಲ್ಲದರ ನಂಟೂ ಅದರ ಹಿಂದೆಯೇ ಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಹೋದ ಜಾಗಕ್ಕೆ ಅಚ್ಚಗನ್ನಡದ್ದೊಂದನ್ನು ತಂದು ಕೂರಿಸುವ ಪ್ರಯತ್ನಗಳು ಕೆಲವೊಮ್ಮೆ ತಮಾಷೆಯಾಗುತ್ತವೆ. ಪವರ್ ಕಟ್‌ಗೆ ಪತ್ರಿಕೆಗಳು ‘ವಿದ್ಯುತ್ ಕಡಿತ’ ಎಂದು ಬರೆಯುತ್ತವೆ; ಅದೇ ಪುಟದಲ್ಲಿ ಹಾವು ಕಡಿತವೂ ನಾಯಿ ಕಡಿತವೂ ಇರುತ್ತವೆ. ಮನೆಯಲ್ಲಿ ಕತ್ತಲಾದ ಕೂಡಲೇ ಹೊರಡುವ ಉದ್ಗಾರ ‘ಕರೆಂಟ್ ಹೋಯ್ತು’. ಹೆಸರು ಇಂಗ್ಲಿಷಿನದು, ಕ್ರಿಯೆ ಕನ್ನಡದ್ದು. ಸಮಿತಿ ಕೂತು ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

‘ಮಾಡು’ವಿನ ಹಂಗಿಲ್ಲದೆ ಪರಪದವನ್ನು ಕ್ರಿಯೆ ಮಾಡಿಕೊಳ್ಳುವ ಇನ್ನೊಂದು ದಾರಿಯೂ ನಮ್ಮಲ್ಲಿ ಹಿಂದಿನಿಂದ ಇದೆ: ‘ಇಸು’ ಹಚ್ಚುವುದು. ಪಂಪನ ಕಾಲಕ್ಕಾಗಲೇ ಸಂಸ್ಕೃತದ ಪದಗಳು ಹೀಗೆ ಕನ್ನಡದ ಕ್ರಿಯಾಪದಗಳಾಗಿದ್ದವು. ಆಮೇಲೆ ಪಾರಸಿ, ಹಿಂದುಸ್ತಾನಿಯ ಸರದಿ: ಖರೀದಿಸು, ರವಾನಿಸು, ದಾಖಲಿಸು, ಜಮಾಯಿಸು, ಬದಲಾಯಿಸು. ಇವನ್ನು ಆಡುವಾಗ ಪರಭಾಷೆಯದು ಎಂದು ಯಾರ ನಾಲಗೆಯೂ ತಡವರಿಸುವುದಿಲ್ಲ. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ನಮಗೇಕೋ ಸಂಕೋಚ. ‘ಫೋನಾಯಿಸು’ ಎಂದರೆ ನಗುತ್ತೇವೆ, ‘ಗೂಗಲಿಸು’ ಎಂದರೆ ಚೇಷ್ಟೆ ಎಂದುಕೊಳ್ಳುತ್ತೇವೆ. ‘ಫೋಟೊ ಕ್ಲಿಕ್ಕಿಸಿದರು’ ಎನ್ನುವುದು ಹೇಗೋ ನುಸುಳಿ ಪತ್ರಿಕೆಗಳಲ್ಲಿ ನೆಲೆಯೂರಿದೆ. ಹತ್ತಿಪ್ಪತ್ತು ವರ್ಷ ಕಳೆದರೆ ಇಂಥವು ಇನ್ನೊಂದಿಷ್ಟು ನಗು ಕಳೆದುಕೊಂಡು ಕೆಲಸಕ್ಕೆ ಹತ್ತಬಹುದು. ಹತ್ತಲಿ ಎಂಬುದು ನನ್ನ ಆಸೆ, ಏಕೆಂದರೆ ‘ಇಸು’ ಹಚ್ಚಿಸಿಕೊಂಡ ಪದಕ್ಕೆ ಮರಳಿ ಹೋಗುವ ದಾರಿ ಇರುವುದಿಲ್ಲ.

‘ಕಟ್’ಗೆ ಮಾತ್ರ ಆ ಭಾಗ್ಯವಿಲ್ಲ. ಬಸ್ಸಿನಂತೆ ಅದಕ್ಕೊಂದು ಉಕಾರ ಹಚ್ಚಿದರೆ ‘ಕಟ್ಟು’ ಆಗುತ್ತದೆ; ಸೌದೆಯ ಕಟ್ಟು, ಕನ್ನಡಕದ ಕಟ್ಟು, ಹುರುಳಿ ಕಟ್ಟು, ಹಸು ಕಟ್ಟು, ಮಾಲೆ ಕಟ್ಟು ಎಂದು ನಾಮಪದ ಕ್ರಿಯಾಪದ ಎರಡು ಕುರ್ಚಿಗಳಲ್ಲೂ ಆ ಹಳಬ ಕೂತಿದ್ದಾನೆ, ಅದೂ ನೇರ ವಿರುದ್ಧಾರ್ಥದಲ್ಲಿ. ‘ಇಸು’ ಹಚ್ಚೋಣವೆಂದರೆ ‘ಕಟ್ಟಿಸು’. ಕೆರೆ ಕಟ್ಟಿಸಿದರು, ದೇಗುಲ ಕಟ್ಟಿಸಿದರು ಎಂದು ಶಾಸನಗಳ ಕಾಲದಿಂದ ಆ ಜಾಗ ಭರ್ತಿ. ಅದಕ್ಕೇ ಇರಬೇಕು, ನಾವು ಕಾರು ಎನ್ನುತ್ತೇವೆ, ರೋಡು ಎನ್ನುತ್ತೇವೆ, ಕಟ್ ಎನ್ನುವಾಗ ಮಾತ್ರ ಬಾಯಿ ತಟ್ಟನೆ ಮುಚ್ಚಿಕೊಳ್ಳುತ್ತದೆ.